ಎಂಬ್ರಿಯೋ ತಂಡದ ಅರ್ಧ ಶತಮಾನ ಮತ್ತು ಬೆಂಗಳೂರಿನ ಮೃದಂಗ: ಇವರ ಸಂಗೀತವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ (ಬರೆದವರು: ಹಳೆಯತಟ್ಟೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಸೋದರಮಾವನವರ ಮನೆಯ ಅಟ್ಟವನ್ನು ತೆರವು ಮಾಡುತ್ತಿದ್ದಾಗ ಎಲ್‌ಪಿ ತಟ್ಟೆಗಳ ಒಂದು ಪೆಟ್ಟಿಗೆ ಸಿಕ್ಕಿತು. ಬಾಲಮುರಳಿಯವರ ಮತ್ತು ಎಂ. ಎಸ್. ಅವರ ತಟ್ಟೆಗಳ ನಡುವೆ ‘ಲೈಫ್’ ಎಂಬ ಹೆಸರಿನ ಒಂದು ಜರ್ಮನ್ ತಟ್ಟೆಯಿತ್ತು. ಕಲಾವಿದರ ಹೆಸರಿನ ಜಾಗದಲ್ಲಿ ‘ಎಂಬ್ರಿಯೋ’ ಎಂದೂ ಅದರ ಜೊತೆಯಲ್ಲೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂದೂ ಇತ್ತು. ನಮ್ಮ ರಾಜ್ಯದ ಹೆಸರನ್ನು ಅಂಥ ಕಡೆ ನಿರೀಕ್ಷಿಸಿರಲಿಲ್ಲವಾದ್ದರಿಂದ ಧೂಳು ಒರೆಸಿ ಅಂದೇ ರಾತ್ರಿ ಕೇಳಿದೆ. ರಾಕ್ ತಂಡದವರ ವಾದ್ಯಗಳು ಮತ್ತು ನಮ್ಮ ತಾಳವಾದ್ಯಗಳು ಒಂದೇ ಕೋಣೆಯಲ್ಲಿ ಕುಳಿತು, ಯಾರೂ ಯಾರಿಗೂ ದಾರಿ ಬಿಟ್ಟುಕೊಡದೆ, ಆದರೆ ಯಾರೂ ಯಾರನ್ನೂ ತಳ್ಳದೆ ಸಾಗುತ್ತಿರುವಂತೆ ಕೇಳಿಸಿತು. ಅಂದಿನಿಂದ ಅದು ತಲೆಯಲ್ಲಿ ಕುಳಿತುಬಿಟ್ಟಿದೆ.

ನನ್ನ ಪ್ರಶ್ನೆ ಎರಡು. ಮ್ಯೂನಿಕ್ ನಗರದ ಒಂದು ರಾಕ್ ತಂಡ ಬೆಂಗಳೂರಿನ ಮೃದಂಗದವರೆಗೆ ತಲುಪಿದ್ದು ಹೇಗೆ ಎಂಬುದು ಮೊದಲನೆಯದು. ಎರಡನೆಯದು ಸ್ವಲ್ಪ ಕಷ್ಟದ್ದು. ‘ಫ್ಯೂಷನ್’ ಎಂಬ ಹೆಸರಿನಲ್ಲಿ ಬರುವ ಬಹುಪಾಲು ಸಂಗೀತದಲ್ಲಿ ಎರಡು ಪದ್ಧತಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆಯೇ ಹೊರತು ಮಾತನಾಡುವುದಿಲ್ಲ ಎಂಬುದು ನನ್ನ ಅನುಭವ. ಈ ತಂಡ ಅದನ್ನು ಮೀರಿದೆಯೇ? ಸದಸ್ಯರು ನಿರಂತರವಾಗಿ ಬದಲಾಗುತ್ತಿದ್ದುದರಿಂದ ಇವರಿಗೆ ತಮ್ಮದೇ ಆದ ಗುರುತು ಎಂಬುದು ಉಳಿಯಲಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ 1 (ಬರೆದವರು: ಧ್ವನಿಸುರುಳಿ)

ನಿಮ್ಮ ಕೈಗೆ ಸಿಕ್ಕಿರುವುದು 1980ರ ತಟ್ಟೆ, ಜೋಪಾನವಾಗಿಟ್ಟುಕೊಳ್ಳಿ. ನಾನು ಈ ತಂಡವನ್ನು ಬಹಳ ವರ್ಷಗಳಿಂದ ಕೇಳುತ್ತ ಬಂದವನು, ಆದ್ದರಿಂದ ಮೊದಲ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಎಂಬ್ರಿಯೋ ಹುಟ್ಟಿದ್ದು 1969ರಲ್ಲಿ. ಅದರ ಬೆನ್ನೆಲುಬು ಕ್ರಿಸ್ತಿಯಾನ್ ಬುರ್ಖಾರ್ಡ್. ಅವರು ಡ್ರಮ್ಸ್ ಮತ್ತು ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ನುಡಿಸುತ್ತಿದ್ದರು. ಜೊತೆಗೆ ಸ್ಯಾಕ್ಸೊಫೋನ್ ಹಾಗೂ ಪಿಟೀಲು ನುಡಿಸುತ್ತಿದ್ದ ಎಡ್ಗರ್ ಹೋಫ್‌ಮನ್ ಇದ್ದರು. ಇಬ್ಬರೂ ಬವೇರಿಯಾದ ಹೋಫ್ ಎಂಬ ಊರಿನಲ್ಲಿ ಬಾಲ್ಯದಿಂದ ಸ್ನೇಹಿತರು, ಮತ್ತು ಇಬ್ಬರೂ ಬಂದದ್ದು ಜಾಝ್‌ನಿಂದ. ಬುರ್ಖಾರ್ಡ್ ಅವರು ಅಮೆರಿಕದಿಂದ ಬಂದು ಮ್ಯೂನಿಕ್‌ನಲ್ಲಿ ನೆಲೆಸಿದ್ದ ಪಿಯಾನೋ ವಾದಕ ಮಾಲ್ ವಾಲ್ಡ್ರನ್ ಅವರೊಂದಿಗೆ ನುಡಿಸಿದವರು, ಅದೇ ಊರಿನ ಆಮೋನ್ ಡ್ಯೂಲ್ 2 ತಂಡದ ಮೊದಲ ತಟ್ಟೆಯಲ್ಲೂ ವೈಬ್ರಫೋನ್ ನುಡಿಸಿದವರು. ಈ ಹಿನ್ನೆಲೆ ಮುಖ್ಯ, ಏಕೆಂದರೆ ಜಾಝ್‌ನಲ್ಲಿ ಬೆಳೆದವರಿಗೆ ತಂಡವೆಂದರೆ ಖಾಯಂ ನಾಲ್ವರ ಕುಟುಂಬವಲ್ಲ; ಅಂದು ಯಾರು ಬಂದು ಕೂರುತ್ತಾರೋ ಅವರೊಂದಿಗೆ ನಡೆಯುವ ಕಚೇರಿ ಅದು. ಹೀಗಾಗಿ ‘ಸದಸ್ಯರು ಬದಲಾದರು, ಗುರುತು ಉಳಿಯಲಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೂರಾರು ಸಂಗೀತಗಾರರು ಆ ಹೆಸರಿನಡಿ ನುಡಿಸಿದ್ದಾರೆ, ನಿಜ. ಆದರೆ ಹೊಸಬರು ಬಂದಾಗ ಹಾಡಿನ ರೂಪವೇ ಬದಲಾಗಲು ಬಿಡುವುದು ಅವರ ಪದ್ಧತಿಯಾಗಿತ್ತು, ಮತ್ತು ಆ ಪದ್ಧತಿಯೇ ಅವರ ಗುರುತು.

ಮೊದಲ ತಟ್ಟೆ ‘ಓಪಾಲ್’ 1970ರಲ್ಲಿ ‘ಓರ್’ ಎಂಬ ಸಂಸ್ಥೆಯಿಂದ ಬಂತು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಿವಿ ಎಂದರ್ಥ. ಮರುವರ್ಷ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ದೊಡ್ಡ ಕಂಪನಿಗಾಗಿ ‘ಎಂಬ್ರಿಯೋಸ್ ರಾಖೆ’ ಮಾಡಿದರು. ಅದರಲ್ಲಿ ಆಗ ಸ್ಪೇನನ್ನು ಆಳುತ್ತಿದ್ದ ಸರ್ವಾಧಿಕಾರಿ ಫ್ರಾಂಕೋ ವಿರುದ್ಧದ ಹಾಡೊಂದಿದೆ. ಅನಂತರದ ‘ಷ್ಟೈಗ್ ಔಸ್’ ಮತ್ತು ‘ರಾಕ್‌ಸೆಷನ್’ ಧ್ವನಿಮುದ್ರಣಗಳಲ್ಲಿ ಹಾಡುಗಳು ಉದ್ದವಾದವು, ಮಾತು ಕಡಿಮೆಯಾಯಿತು, ವಾಲ್ಡ್ರನ್ ಅವರು ಎಲೆಕ್ಟ್ರಿಕ್ ಪಿಯಾನೋದಲ್ಲಿ ಒಂದೇ ಪುಟ್ಟ ಪಲುಕನ್ನು ತಿರುವಿ ತಿರುವಿ ನುಡಿಸುತ್ತ ಕುಳಿತರು. ದೊಡ್ಡ ಕಂಪನಿಗೆ ಅದು ಮಾರಾಟದ ಸರಕಾಗಿ ಕಾಣಲಿಲ್ಲ. ಕೊನೆಗೆ 1973ರಲ್ಲಿ ‘ಬ್ರೈನ್’ ಸಂಸ್ಥೆ ಅವೆರಡನ್ನೂ ಹೊರತಂದಿತು. ಇಂದು ಈ ತಂಡದ ಅಭಿಮಾನಿಗಳು ಮೊದಲು ಕೈಗೆತ್ತಿಕೊಳ್ಳುವುದು ಅವನ್ನೇ.

ನಮ್ಮ ಕಡೆಗಿನ ದಾರಿ ತೆರೆದುಕೊಂಡದ್ದು ಅದೇ ವರ್ಷದ ‘ವಿ ಕೀಪ್ ಆನ್’ ತಟ್ಟೆಯಲ್ಲಿ. ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರು ಅದರಲ್ಲಿ ಸ್ಯಾಕ್ಸೊಫೋನಿನ ಜೊತೆಗೆ ನಾಗಸ್ವರವನ್ನೂ ನುಡಿಸಿದ್ದಾರೆ. ನಮ್ಮ ಮದುವೆ ಮನೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಕೇಳುವ ಅದೇ ನಾಗಸ್ವರ. ಮರಿಯಾನೋ ಅದನ್ನು ದಕ್ಷಿಣ ಭಾರತದಲ್ಲಿ ಗುರುಮುಖೇನ ಕಲಿತವರು. ಗಿಟಾರ್ ವಾದಕ ರೋಮನ್ ಬುಂಕಾ ಕೂಡ ಆ ತಂಡದಲ್ಲಿದ್ದರು. ಅವರು ಮುಂದೆ ಅರಬ್ಬರ ಊದ್ ಎಂಬ ತಂತಿವಾದ್ಯವನ್ನು ಕಲಿತು, ಕೈರೋದಲ್ಲಿ ಬಾಳಿ, ಈಜಿಪ್ಟಿನ ಗಾಯಕ ಮೊಹಮದ್ ಮುನೀರ್ ಅವರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಗಮನಿಸಿ, ಇವರಾರೂ ಸ್ಟುಡಿಯೋದಲ್ಲಿ ಬಣ್ಣಕ್ಕಾಗಿ ಒಂದು ಪರದೇಶದ ವಾದ್ಯವನ್ನು ತರಿಸಿಕೊಂಡವರಲ್ಲ. ವಾದ್ಯ ಎಲ್ಲಿದೆಯೋ ಅಲ್ಲಿಗೇ ಹೋಗಿ, ಕಲಿಸುವವರ ಮುಂದೆ ಕುಳಿತವರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. 1976ರಲ್ಲಿ ಎಂಬ್ರಿಯೋ, ಟೋನ್ ಷ್ಟೈನೆ ಷೆರ್ಬೆನ್, ಮಿಸಸ್ ಬೀಸ್ಟ್ಲಿ ಮೊದಲಾದ ಕೆಲವು ತಂಡಗಳು ಸೇರಿ ಸಂಗೀತಗಾರರೇ ಒಡೆಯರಾಗಿರುವ ಧ್ವನಿಮುದ್ರಣ ಸಂಸ್ಥೆಯೊಂದನ್ನು ಕಟ್ಟಿದವು. ಮೊದಲು ಅದರ ಹೆಸರು ‘ಏಪ್ರಿಲ್’, ಬಳಿಕ ‘ಶ್ನೇಬಾಲ್’, ಅಂದರೆ ಹಿಮದುಂಡೆ. ಕಂಪನಿಯವರು ಒಪ್ಪುತ್ತಾರೋ ಇಲ್ಲವೋ ಎಂದು ಕಾಯುವ ಸ್ಥಿತಿ ಅಲ್ಲಿಗೆ ಮುಗಿಯಿತು. 1978ರಲ್ಲಿ ತಂಡ ಬಸ್ಸು ಹತ್ತಿ ಮ್ಯೂನಿಕ್‌ನಿಂದ ಇರಾನ್ ಮತ್ತು ಅಫ್ಘಾನಿಸ್ತಾನದ ಮಾರ್ಗವಾಗಿ ಭಾರತಕ್ಕೆ ಹೊರಟಿತು. ದಾರಿಯುದ್ದಕ್ಕೂ ಆಯಾ ಊರಿನ ಸಂಗೀತಗಾರರೊಂದಿಗೆ ನುಡಿಸುತ್ತ, ನುಡಿಸಿದ್ದನ್ನು ಮುದ್ರಿಸಿಕೊಳ್ಳುತ್ತ ಬಂದರು. ಅದರ ಫಲವಾಗಿ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ತಟ್ಟೆ ಹೊರಬಂತು. ವೆರ್ನರ್ ಪೆನ್ಟ್ಸೆಲ್ ಅವರು ‘ವಾಗಾಬುಂಡೆನ್ ಕಾರವಾನೆ’ ಎಂಬ ಸಾಕ್ಷ್ಯಚಿತ್ರವನ್ನೂ ಮಾಡಿದರು. ತಮ್ಮದೇ ಸಂಸ್ಥೆ ಇರದಿದ್ದರೆ, ದಾರಿಯಲ್ಲಿ ಮುದ್ರಿಸಿದ ಅಷ್ಟು ದೀರ್ಘ ಸಂಗೀತ ಎರಡು ತಟ್ಟೆಗಳಾಗಿ ಬರುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ಆ ಕಾಲವನ್ನೂ ನೆನೆಯಬೇಕು. ಕಾಬೂಲಿನಲ್ಲಿ 1978ರ ಏಪ್ರಿಲ್‌ನಲ್ಲಷ್ಟೇ ಸರ್ಕಾರ ಉರುಳಿತ್ತು. ಇರಾನಿನ ಶಾ 1979ರ ಜನವರಿಯಲ್ಲಿ ದೇಶ ಬಿಟ್ಟರು. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. ಯುರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ಆ ಹಾದಿ ಮುಚ್ಚಿಕೊಳ್ಳುವ ಮುನ್ನ ಅದನ್ನು ತುಳಿದ ಕೊನೆಯವರಲ್ಲಿ ಇವರೂ ಇದ್ದರು. ನಿಮ್ಮ ‘ಲೈಫ್’ ಆ ಪಯಣದ ಮುಂದಿನ ಅಧ್ಯಾಯ.

ಉತ್ತರ 2 (ಬರೆದವರು: ತಕಿಟ)

ಮೇಲಿನ ಉತ್ತರ ಚರಿತ್ರೆಯನ್ನು ಚೆನ್ನಾಗಿ ತಿಳಿಸಿದೆ. ನಾನು ಮೃದಂಗ ಕಲಿತವನಾದ್ದರಿಂದ ಎರಡನೆಯ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬುದು ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ತಾಳವಾದ್ಯಗಳ ಶಾಲೆ. ಅದೇ ಹೆಸರಿನಲ್ಲಿ ಅವರ ವಾದ್ಯವೃಂದವೂ ಕಚೇರಿ ನೀಡುತ್ತಿತ್ತು. ಅವರ ಪತ್ನಿ ವಿದುಷಿ ಆರ್. ಎ. ರಮಾಮಣಿಯವರು ಆ ವೃಂದದ ಗಾಯಕಿ ಮತ್ತು ರಚನಕಾರ್ತಿ. ಕಛೇರಿಯಲ್ಲಿ ಹಾಡುಗಾರರ ಹಿಂದೆ ಕುಳಿತು ತನಿಯ, ಅಂದರೆ ತಾಳವಾದ್ಯಗಳೇ ಒಂಟಿಯಾಗಿ ನುಡಿಯುವ ಭಾಗದ, ಸರದಿಗಾಗಿ ಕಾಯುವ ವಾದ್ಯಗಳನ್ನು ಮುಂದಕ್ಕೆ ತಂದು, ಲಯವನ್ನೇ ಕಚೇರಿಯ ವಸ್ತುವನ್ನಾಗಿ ಮಾಡಿದವರು ಇವರು. ಒಬ್ಬ ಜರ್ಮನ್ ಡ್ರಮ್ಸ್ ವಾದಕನ ತಂಡಕ್ಕೆ ಇವರಿಗಿಂತ ತಕ್ಕ ಜೊತೆ ಸಿಗುವುದು ಕಷ್ಟವಿತ್ತು.

ಬುರ್ಖಾರ್ಡ್ ಅವರ ವಾದ್ಯಗಳನ್ನು ಒಮ್ಮೆ ನೆನೆಯಿರಿ: ಡ್ರಮ್ಸ್, ವೈಬ್ರಫೋನ್, ಮರಿಂಬಾ, ಆಮೇಲಿನ ದಿನಗಳಲ್ಲಿ ಸಂತೂರಿನ ಬಳಗದ ತಂತಿವಾದ್ಯ. ಇವೆಲ್ಲ ಬಡಿದು ನುಡಿಸುವ ವಾದ್ಯಗಳು. ವೈಬ್ರಫೋನಿನ ಲೋಹದ ಪಟ್ಟಿಯ ಮೇಲೆ ಕೋಲು ಬಿದ್ದ ಕ್ಷಣದಲ್ಲೇ ಸ್ವರ ನಿರ್ಧಾರವಾಗಿಬಿಡುತ್ತದೆ. ಅನಂತರ ಅದನ್ನು ಜಾರಿಸಲಾಗದು, ಓಲಾಡಿಸಲಾಗದು. ಗಮಕ ಅದರಲ್ಲಿ ಹುಟ್ಟುವುದೇ ಇಲ್ಲ. ತೋಡಿ ರಾಗದ ಗಾಂಧಾರವನ್ನು ವೈಬ್ರಫೋನಿನಲ್ಲಿ ನುಡಿಸಿದರೆ ಅದು ಒಂದು ಸ್ವರಸ್ಥಾನವಾಗುತ್ತದೆಯೇ ಹೊರತು ತೋಡಿಯಾಗುವುದಿಲ್ಲ. ಆದ್ದರಿಂದ ರಾಗದ ಬಾಗಿಲಿನಿಂದ ನಮ್ಮ ಸಂಗೀತವನ್ನು ಪ್ರವೇಶಿಸಲು ಹೊರಟಿದ್ದರೆ ಈ ತಂಡ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಅವರು ಲಯದ ಬಾಗಿಲಿನಿಂದ ಬಂದರು, ಮತ್ತು ಆ ಬಾಗಿಲಲ್ಲಿ ಭಾಷೆ ಗೊತ್ತಿಲ್ಲದವರಿಗೂ ಮಾತು ಸಿಗುತ್ತದೆ. ಸೊಲ್ಲುಕಟ್ಟನ್ನು, ಅಂದರೆ ಲಯದ ಅಕ್ಷರಗಳ ಜೋಡಣೆಯನ್ನು, ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈಗೆ ತರುವುದು ನಮ್ಮ ಪಾಠದ ಕ್ರಮ. ಕನ್ನಡ ಬಾರದ ಜರ್ಮನ್ನರೂ ಜರ್ಮನ್ ಬಾರದ ಬೆಂಗಳೂರಿನವರೂ ‘ತಕಧಿಮಿ’ ಎಂದರೆ ಒಟ್ಟಿಗೆ ಎಣಿಸಬಲ್ಲರು.

ಒಂದು ಉದಾಹರಣೆ ಕೊಡುತ್ತೇನೆ. ಮಿಶ್ರಚಾಪು ಏಳಕ್ಷರದ ನಡೆ: ತಕಿಟ ತಕಧಿಮಿ, ಮೂರು ಮತ್ತು ನಾಲ್ಕು. ರಾಕ್ ಡ್ರಮ್ಸ್ ಸಾಮಾನ್ಯವಾಗಿ ನಾಲ್ಕರ ಮೇಲೆ ನಡೆಯುತ್ತದೆ. ಇಬ್ಬರೂ ಒಂದೇ ವೇಗದಲ್ಲಿ ಒಟ್ಟಿಗೆ ಆರಂಭಿಸಿದರೆ ಎರಡನೆಯ ಸುತ್ತಿನಲ್ಲೇ ಒಬ್ಬರ ಸಮ (ಸುತ್ತಿನ ಮೊದಲ ಪೆಟ್ಟು) ಇನ್ನೊಬ್ಬರ ನಡುದಾರಿಯಲ್ಲಿ ಬೀಳುತ್ತದೆ. ಮತ್ತೆ ಇಬ್ಬರೂ ಸಮದಲ್ಲಿ ಕೂಡುವುದು ಇಪ್ಪತ್ತೆಂಟು ಅಕ್ಷರಗಳ ಬಳಿಕ, ಅಂದರೆ ಏಳರ ನಾಲ್ಕು ಆವರ್ತ, ನಾಲ್ಕರ ಏಳು ಆವರ್ತ ಮುಗಿದಾಗ. ಆ ನಡುವಿನ ಅವಧಿಯಲ್ಲಿ ಕೇಳುಗನಿಗೆ ಕಾಲಡಿಯ ನೆಲ ಸರಿದಂತೆ ಆಗುತ್ತದೆ, ಕೂಡಿದಾಗ ಉಸಿರು ನಿರಾಳವಾಗುತ್ತದೆ. ಇದನ್ನು ನಡೆಸಲು ಇಬ್ಬರಲ್ಲಿ ಒಬ್ಬರೂ ತಮ್ಮದನ್ನು ಬಿಡಬೇಕಾಗಿಲ್ಲ. ಇನ್ನೊಬ್ಬರ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಸಾಕು. ಇಂಥ ಕಡೆಗಳಲ್ಲಿ ‘ಮಾತನಾಡುತ್ತಾರೆಯೇ’ ಎಂಬ ನಿಮ್ಮ ಪ್ರಶ್ನೆಗೆ ಹೌದು ಎಂದೇ ಉತ್ತರ.

ಆದರೆ ಎಲ್ಲ ಕಡೆಯೂ ಹಾಗಿಲ್ಲ ಎನ್ನುವುದನ್ನು ಹೇಳಲೇಬೇಕು. ಎಲೆಕ್ಟ್ರಿಕ್ ಬೇಸ್ ಗಿಟಾರು ಮತ್ತು ಮೃದಂಗದ ಎಡಗೈ ಹತ್ತಿರದ ಸ್ಥಾಯಿಗಳಲ್ಲಿ ಓಡಾಡುತ್ತವೆ. ಎರಡೂ ಒಮ್ಮೆಗೇ ನುಡಿದಾಗ ತೊಪ್ಪಿಯ (ಮೃದಂಗದ ಎಡಮುಖದ) ಗುಂಕಿ ಎಂಬ ತಗ್ಗಿನ ನಾದ ಮುಚ್ಚಿಹೋಗಿ, ಬಲಗೈಯ ಚಾಪು ಎಂಬ ಪೆಟ್ಟು ಮಾತ್ರ ಉಳಿಯುತ್ತದೆ. ಎಡಗೈ ಕೇಳದ ಮೃದಂಗ ನನ್ನ ಪಾಲಿಗೆ ಅರ್ಧ ಮೃದಂಗ. ಮರಿಯಾನೋ ಅವರು ಇದೇ ಬೆಂಗಳೂರಿನ ವೃಂದದೊಂದಿಗೆ 1983ರಲ್ಲಿ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಮಾಡಿದ ‘ಜ್ಯೋತಿ’ಯನ್ನು ಇದರ ಪಕ್ಕದಲ್ಲಿಟ್ಟು ಕೇಳಿ. ಅಲ್ಲಿ ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರ ಖಂಜಿರ, ಇವುಗಳ ನಡುವೆ ಒಬ್ಬರೇ ಅತಿಥಿ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಘಟದ ಬಾಯನ್ನು ಹೊಟ್ಟೆಗೆ ಒತ್ತಿ ತೆಗೆಯುವಾಗ ಹೊರಡುವ ಗಾಳಿಯ ಸದ್ದಿಗೂ ಅಲ್ಲಿ ಎಡೆಯಿದೆ. ಸ್ಯಾಕ್ಸೊಫೋನ್ ಉಸಿರಿನ ವಾದ್ಯವಾದ್ದರಿಂದ ಅದು ಗಾಯಕಿಯ ಹಿಂದೆ ಜಾರುತ್ತ ನಡೆಯಬಲ್ಲದು. ನನಗೆ ‘ಜ್ಯೋತಿ’ಯೇ ಮೇಲು. ಹಾಗೆಂದು ಎಂಬ್ರಿಯೋದವರ ಧೈರ್ಯವನ್ನು ಕಡಿಮೆ ಎನ್ನಲಾರೆ, ಏಕೆಂದರೆ ಅವರು ತಮ್ಮ ಇಡೀ ತಂಡವನ್ನೇ ನಮ್ಮ ಲೆಕ್ಕದ ಮುಂದೆ ತಂದು ಕೂರಿಸಿದರು.

ಉತ್ತರ 3 (ಬರೆದವರು: ಬಯಲುಸೀಮೆ)

ಇಬ್ಬರ ಮಾತಿಗೂ ಒಂದು ತಿದ್ದುಪಡಿಯನ್ನು ಸೂಚಿಸಬಯಸುತ್ತೇನೆ. ಚರ್ಚೆಯೆಲ್ಲ ‘ಅವರು ನಮ್ಮಲ್ಲಿಗೆ ಬಂದರು’ ಎಂಬ ದಿಕ್ಕಿನಲ್ಲೇ ನಡೆಯುತ್ತಿದೆ. ಅವರು ಬಂದದ್ದು ನಿಜ, ಆದರೆ ಇಲ್ಲಿಂದ ಹೋದವರ ಕೆಲಸವನ್ನು ಯಾರು ಬರೆದಿದ್ದಾರೆ? ಜರ್ಮನಿಯ ರಾಕ್ ಸಂಗೀತದ ಬಗ್ಗೆ ನಾನು ಓದಿದ ಬರಹಗಳಲ್ಲಿ ಬೆಂಗಳೂರಿನ ಈ ಶಾಲೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಮ್ಮ ಕಡೆಯ ಕರ್ನಾಟಕ ಸಂಗೀತದ ಬರಹಗಳಲ್ಲಿ ಆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಒಂದೇ ನಿದರ್ಶನ ಸಾಕು. ಏಷ್ಯಾ ಪ್ರಯಾಣದ ಬಳಿಕ 1981ರಲ್ಲಿ ಎಂಬ್ರಿಯೋದ ಊವೆ ಮ್ಯೂಲ್‌ರಿಶ್ ಮತ್ತು ಮಿಶಾಯೆಲ್ ವೇಮೈಯರ್ ಅವರು ಹೊರಬಂದು, ಫ್ರೀಡೋ ಯೋಶ್ ಅವರೊಂದಿಗೆ ‘ಡಿಸಿಡೆಂಟನ್’ ಎಂಬ ಹೊಸ ತಂಡ ಕಟ್ಟಿದರು. ಹೆಸರಿನ ಅರ್ಥವೇ ಭಿನ್ನಮತೀಯರು. ಆ ತಂಡದ ಮೊದಲ ತಟ್ಟೆ 1982ರ ‘ಜರ್ಮನಿಸ್ತಾನ್’. ಅದರಲ್ಲಿ ಜೊತೆಗಾರರು ಯಾರು? ಮತ್ತೆ ಇದೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಅವರು ಮೊರೊಕ್ಕೊ ದೇಶದ ಕಲಾವಿದರೊಂದಿಗೆ ‘ಸಹಾರಾ ಎಲೆಕ್ಟ್ರಿಕ್’ ಮಾಡಿ ಯುರೋಪಿನಲ್ಲಿ ಹೆಸರಾದದ್ದು ಅದರ ನಂತರ, 1984ರಲ್ಲಿ. ಅಂದರೆ ಒಡೆದುಹೋದ ಎರಡು ತಂಡಗಳಿಗೂ, ‘ಜ್ಯೋತಿ’ ಮಾಡಿದ ಮರಿಯಾನೋ ಅವರಿಗೂ ಸಮಾನವಾಗಿದ್ದ ಕೊಂಡಿ ಬೆಂಗಳೂರು. ನಾಲ್ಕು ವರ್ಷಗಳಲ್ಲಿ ‘ಲೈಫ್’, ‘ಜರ್ಮನಿಸ್ತಾನ್’, ‘ಜ್ಯೋತಿ’ ಎಂಬ ಮೂರು ಬೇರೆ ಬೇರೆ ಸ್ವಭಾವದ ತಟ್ಟೆಗಳಿಗೆ ಲಯದ ಆಧಾರವಾಗಿ ನಿಂತವರನ್ನು ‘ಅತಿಥಿ ಕಲಾವಿದರು’ ಎನ್ನುವುದು ಅನ್ಯಾಯ. ಮೂರೂ ತಟ್ಟೆಗಳಲ್ಲಿ ಅವರ ಹೆಸರು ಕಲಾವಿದರ ಸಾಲಿನಲ್ಲೇ ಇದೆ, ಮತ್ತು ನಾವೂ ಅಲ್ಲಿಂದಲೇ ಓದಲು ಆರಂಭಿಸಬೇಕು.

ಉತ್ತರ 4 (ಬರೆದವರು: ಈಸಾರ್‌ತೀರ)

ನಾನು ಮೂಲತಃ ಹಾಸನದವಳು, ಹನ್ನೊಂದು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇನೆ. ಚರ್ಚೆ 1980ರ ದಶಕದಲ್ಲೇ ನಿಂತಿರುವುದರಿಂದ ಮುಂದಿನದನ್ನು ಸೇರಿಸುತ್ತೇನೆ, ಏಕೆಂದರೆ ಎಂಬ್ರಿಯೋ ಮುಗಿದುಹೋದ ತಂಡವಲ್ಲ.

ಭಾರತದ ಪ್ರಯಾಣದ ನಂತರ ಅವರು ನೈಜೀರಿಯಾದ ಯೊರೂಬಾ ಡುಂಡುನ್ ವಾದಕರೊಂದಿಗೆ ತಟ್ಟೆ ಮಾಡಿದರು. ಡುಂಡುನ್ ಎಂಬುದು ಮಾತಿನ ಏರಿಳಿತವನ್ನೇ ನುಡಿಸುವ ಚರ್ಮವಾದ್ಯ. ಅರಬ್, ತುರ್ಕಿ, ಚೀನೀ ಸಂಗೀತಗಾರರೊಂದಿಗೂ ಕೆಲಸ ನಡೆಯಿತು. 2008ರಲ್ಲಿ ರುಡೋಲ್‌ಸ್ಟಾಟ್ ಉತ್ಸವದಲ್ಲಿ ಜರ್ಮನಿಯ ವಿಶ್ವಸಂಗೀತ ಪ್ರಶಸ್ತಿ ‘ರೂತ್’ ಇವರಿಗೆ ಸಂದಿತು. ಬುರ್ಖಾರ್ಡ್ ಅವರು ಅನಾರೋಗ್ಯದಿಂದ ನುಡಿಸಲಾಗದೆ ಹೋದಾಗ, 2016ರಲ್ಲಿ ಮಗಳು ಮಾರ್ಯಾ ಅವರು ತಂಡದ ಹೊಣೆ ಹೊತ್ತರು. ತಂದೆ 2018ರ ಜನವರಿಯಲ್ಲಿ ತೀರಿಕೊಂಡರು, ಬುಂಕಾ ಅವರು 2022ರಲ್ಲಿ. ಮಾರ್ಯಾ ನಾಯಕತ್ವದಲ್ಲಿ 2021ರಲ್ಲಿ ‘ಔಫ್ ಔಫ್’ ಬಂತು. ಅದನ್ನು ಹೊರತಂದದ್ದು ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್ ಅವರ ಸಂಸ್ಥೆ.

ಅವರ ಕಚೇರಿಯೊಂದನ್ನು ನಾನು ಇಲ್ಲಿ ಚಿಕ್ಕ ಸಭಾಂಗಣವೊಂದರಲ್ಲಿ ಕೇಳಿದ್ದೇನೆ. ಮಾರ್ಯಾ ಅವರು ವೈಬ್ರಫೋನಿನ ಹಿಂದೆ ನಿಂತು, ಎರಡು ಕೈಗಳಲ್ಲಿ ಕೋಲು ಹಿಡಿದು ಸುತ್ತಿ ಸುತ್ತಿ ಬರುವ ಪಲುಕೊಂದನ್ನು ಕಟ್ಟಿ, ಅದು ಉಳಿದವರ ಕೈಗೆ ದಾಟಿದ ಮೇಲೆ ಕೋಲುಗಳನ್ನು ಪಟ್ಟಿಗಳ ಮೇಲೆಯೇ ಅಡ್ಡ ಇಟ್ಟು ಟ್ರೊಂಬೋನ್ ಎತ್ತಿಕೊಂಡರು. ನನ್ನ ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ತೊಡೆಯ ಮೇಲೆ ಬೆರಳು ಮಡಚುತ್ತ ಎಣಿಸುತ್ತಿದ್ದರು. ನಮ್ಮ ತಾತ ಕಛೇರಿಯಲ್ಲಿ ಕಿರುಬೆರಳಿನಿಂದ ಎಣಿಕೆ ಶುರುಮಾಡಿ ತಾಳ ಹಾಕುತ್ತಿದ್ದ ರೀತಿಯೇ ಅದು. ವಿರಾಮದಲ್ಲಿ ಕೇಳಿದಾಗ, ಹಿಂದೆ ಭಾರತದಿಂದ ಬಂದಿದ್ದ ವಾದಕರ ಕಚೇರಿಗಳಲ್ಲಿ ನೋಡಿ ನೋಡಿ ರೂಢಿಯಾಯಿತೆಂದು ಹೇಳಿದರು. ಯಾವ ವಾದಕರು, ಯಾವ ವರ್ಷ ಎಂಬುದು ಅವರಿಗೆ ನೆನಪಿರಲಿಲ್ಲ, ಬೆರಳುಗಳಿಗೆ ಮಾತ್ರ ನೆನಪಿತ್ತು.

ಪ್ರಶ್ನೆ ಕೇಳಿದವರ ಮರುನುಡಿ (ಹಳೆಯತಟ್ಟೆ)

ನಾಲ್ವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ‘ತಕಿಟ’ ಅವರ ಮಾತನ್ನು ಓದಿ ಬೇಸ್ ಗಿಟಾರಿನ ಸದ್ದನ್ನು ಆಂಪ್ಲಿಫೈಯರಿನಲ್ಲಿ ತಗ್ಗಿಸಲು ನೋಡಿದೆ, ಆದರೆ ಬೇಸ್ ಕಡಿಮೆಯಾದೊಡನೆ ಮೃದಂಗದ ಎಡಗೈಯೂ ಅದರೊಂದಿಗೇ ಹೊರಟುಹೋಯಿತು. ಹಾಗಾಗಿ ಅದನ್ನು ಮೊದಲಿದ್ದಂತೆಯೇ ಬಿಟ್ಟು, ಸ್ಪೀಕರಿನ ಹತ್ತಿರ ನೆಲದ ಮೇಲೆ ಕುಳಿತು ಕೈಯಲ್ಲಿ ಏಳು ಎಣಿಸುತ್ತ ಕೇಳಿದೆ. ಮೂರು ಬಾರಿ ಎಣಿಕೆ ತಪ್ಪಿತು.

‘ಬಯಲುಸೀಮೆ’ಯವರ ಮಾತಿನ ನಂತರ ತಟ್ಟೆಯ ಹೊದಿಕೆಯನ್ನೂ ಮತ್ತೊಮ್ಮೆ ನೋಡಿದೆ. ಒಳಗಿನ ಕಾಗದದ ಮೇಲೆ ನಮ್ಮ ಮಾವನವರು ಪೆನ್ಸಿಲಿನಲ್ಲಿ ‘ಮಣಿ ಮೇಷ್ಟ್ರು’ ಎಂದಷ್ಟೇ ಬರೆದಿದ್ದಾರೆ. ಅವರು ಅಲ್ಲಿ ಪಾಠಕ್ಕೆ ಹೋಗುತ್ತಿದ್ದರೇ ಎಂದು ಅತ್ತೆಯವರನ್ನು ಕೇಳಬೇಕು. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ, ತಟ್ಟೆಯನ್ನೂ ಕೊಂಡೊಯ್ಯುತ್ತೇನೆ.